ರೈತರೇ ಕಟ್ಟಿದ ಕಾಲೇಜು: ಡೆನ್ಮಾರ್ಕಿನ ಜನತಾ ಕಾಲೇಜುಗಳ ಕಥೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಒಂದು ಕಾಲೇಜಿನ ಇತಿಹಾಸ ಬರೆಯುತ್ತೇನೆ ಅಂದೆ. ಹಾಲಿನ ಸಂಘದ ಪುಸ್ತಕದಲ್ಲಿ ಕಾಲೇಜಿನ ಕಥೆ ಯಾಕಪ್ಪಾ ಅಂತ ಒಬ್ಬಿಬ್ಬರು ನಕ್ಕರು. ಕಾರಣ ಇದೆ. ಸಹಕಾರಿ ಡೈರಿ ಅಂದರೆ ಪ್ರಪಂಚದಲ್ಲಿ ಮೊದಲು ಹೇಳುವ ಹೆಸರು ಡೆನ್ಮಾರ್ಕ್. ನಿರ್ದೇಶಕರ ತರಬೇತಿಗೆ ಹೋದವರೆಲ್ಲ ಈ ಹೆಸರು ಕೇಳಿಯೇ ಇರುತ್ತಾರೆ. ಆದರೆ ಆ ದೇಶದಲ್ಲಿ ಮೊದಲ ಸಹಕಾರಿ ಡೈರಿ ಶುರುವಾದದ್ದು 1882ರಲ್ಲಿ. ಹಳ್ಳಿ ಜನರ ಮೊದಲ ಕಾಲೇಜು ಶುರುವಾದದ್ದು 1844ರಲ್ಲಿ. ಅಂದರೆ ಡೈರಿಗಿಂತ 38 ವರ್ಷ ಮೊದಲೇ ಕಾಲೇಜು ಹುಟ್ಟಿತ್ತು. ಇದನ್ನು ನಾವು ಸದಸ್ಯರು ಸ್ವಲ್ಪ ಯೋಚನೆ ಮಾಡಬೇಕು.

ಅಲ್ಲಿಯವರು ಇದನ್ನು ಫೋಕ್ ಹೈಸ್ಕೂಲ್ ಎನ್ನುತ್ತಾರೆ. ಹೆಸರು ಹೈಸ್ಕೂಲ್ ಆದರೂ ಅದು ಮಕ್ಕಳ ಶಾಲೆ ಅಲ್ಲ. ಹದಿನೆಂಟು ದಾಟಿದ, ಹೊಲದಲ್ಲಿ ದುಡಿಯುವ ಯುವಕ ಯುವತಿಯರು ಕೆಲವು ತಿಂಗಳು ಅಲ್ಲೇ ಇದ್ದು ಕಲಿಯುವ ಜಾಗ. ಅದಕ್ಕೇ ನಮ್ಮ ದೇಶದಲ್ಲಿ ಇದನ್ನು ನೋಡಿ ಮಾಡಿದ ಸಂಸ್ಥೆಗಳಿಗೆ ಜನತಾ ಕಾಲೇಜು, ವಿದ್ಯಾಪೀಠ ಎಂಬ ಹೆಸರು ಬಂತು. ನಾನೂ ಇಲ್ಲಿ ಜನತಾ ಕಾಲೇಜು ಅಂತಲೇ ಕರೆಯುತ್ತೇನೆ.

ಭೂಮಿಗೆ ಕಟ್ಟಿಹಾಕಿದ ರೈತ

ಡೆನ್ಮಾರ್ಕ್ ಸಣ್ಣ ದೇಶ. ಸುಮಾರು 43,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಕೊಂಚ ಕಡಿಮೆ. ಗಣಿ ಇಲ್ಲ, ಕಬ್ಬಿಣ ಇಲ್ಲ, ಕಲ್ಲಿದ್ದಲು ಇಲ್ಲ. ಇದ್ದದ್ದು ಭೂಮಿ, ದನ ಮತ್ತು ಜನ.

ಆ ಜನರೂ ಸ್ವತಂತ್ರರಾಗಿರಲಿಲ್ಲ. 1733ರಲ್ಲಿ ಅಲ್ಲೊಂದು ಕಾನೂನು ಬಂತು. ರೈತನ ಮಗ ತಾನು ಹುಟ್ಟಿದ ಜಮೀನ್ದಾರನ ಹಿಡುವಳಿ ಬಿಟ್ಟು ಬೇರೆ ಕಡೆಗೆ ದುಡಿಯಲು ಹೋಗುವಂತಿಲ್ಲ. ನಮ್ಮಲ್ಲಿ ಜೀತ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆಯೇ. 1788ರಲ್ಲಿ ಈ ಕಟ್ಟು ಬಿಚ್ಚಿದರು. ಆಮೇಲೆ ನಿಧಾನವಾಗಿ ರೈತರು ಹಿಡುವಳಿಗಳನ್ನು ಕೊಂಡು ಒಡೆಯರಾದರು. 1814ರಲ್ಲಿ ಎಲ್ಲ ಮಕ್ಕಳಿಗೂ ಏಳು ವರ್ಷದ ಶಿಕ್ಷಣ ಕಡ್ಡಾಯವಾಯಿತು. ನಮ್ಮಲ್ಲಿ ಆಗಿನ್ನೂ ಕಂಪನಿ ಸರ್ಕಾರ ಇದ್ದ ಕಾಲ.

ಓದು ಬಂತು, ಜಮೀನು ಬಂತು. ಆದರೆ ಧೈರ್ಯ ಬರಲಿಲ್ಲ. ತಲೆತಲಾಂತರದಿಂದ ಧಣಿಯ ಮುಂದೆ ಟೋಪಿ ತೆಗೆದು ನಿಂತವನು ಸಭೆಯಲ್ಲಿ ಎದ್ದು ಮಾತಾಡುವುದು ಹೇಗೆ? 1830ರ ದಶಕದಲ್ಲಿ ರಾಜನು ಸಲಹಾ ಸಭೆಗಳನ್ನು ಮಾಡಿದಾಗ ರೈತರ ಪ್ರತಿನಿಧಿಗಳೂ ಅಲ್ಲಿ ಕೂರಬೇಕಾಯಿತು. ಈ ಜನರನ್ನು ತಯಾರು ಮಾಡುವವರು ಯಾರು ಎಂಬ ಪ್ರಶ್ನೆ ಎದ್ದದ್ದೇ ಆಗ.

ಗ್ರುಂಟ್ವಿಗ್ ಎಂಬ ಪಾದ್ರಿ

ಆ ಪ್ರಶ್ನೆಗೆ ಉತ್ತರ ಹುಡುಕಿದವರು ಎನ್.ಎಫ್.ಎಸ್. ಗ್ರುಂಟ್ವಿಗ್. 1783ರಲ್ಲಿ ಹುಟ್ಟಿ 1872ರಲ್ಲಿ ತೀರಿಕೊಂಡ ಇವರು ಪಾದ್ರಿ, ಕವಿ, ಚರಿತ್ರೆಕಾರ. 1829ರಿಂದ 1831ರವರೆಗೆ ಮೂರು ಸಲ ಇಂಗ್ಲೆಂಡಿಗೆ ಹೋಗಿಬಂದರು. ಹೋಗಿದ್ದು ಹಳೆಯ ಕೈಬರಹದ ಗ್ರಂಥಗಳನ್ನು ನೋಡುವುದಕ್ಕೆ. ಮನಸ್ಸಿಗೆ ಹಿಡಿದದ್ದು ಕೇಂಬ್ರಿಡ್ಜಿನಲ್ಲಿ ಗುರುಗಳೂ ಶಿಷ್ಯರೂ ಒಂದೇ ಕಡೆ ಇದ್ದು, ಒಂದೇ ಕಡೆ ಉಂಡು, ಮಾತಾಡುತ್ತಾ ಕಲಿಯುವ ರೀತಿ. ನಮ್ಮ ಗುರುಕುಲ ಇದ್ದ ಹಾಗೆ.

ಆ ಕಾಲದ ಡೆನ್ಮಾರ್ಕಿನಲ್ಲಿ ದೊಡ್ಡ ಶಾಲೆ ಎಂದರೆ ಲ್ಯಾಟಿನ್ ಶಾಲೆ. ರೈತನ ಮಗನಿಗೆ ಅರ್ಥವಾಗದ ಭಾಷೆಯಲ್ಲಿ ಉರು ಹೊಡೆಯುವುದು, ಪರೀಕ್ಷೆ ಬರೆಯುವುದು, ಆಮೇಲೆ ಸರ್ಕಾರಿ ನೌಕರಿ. ಗ್ರುಂಟ್ವಿಗ್ ಇದನ್ನು ಸತ್ತ ಶಾಲೆ ಎಂದು ಜರಿದರು. ಪುಸ್ತಕದ ಅಕ್ಷರಕ್ಕಿಂತ ಬಾಯಿಂದ ಬಾಯಿಗೆ ಬರುವ ಜೀವಂತ ಮಾತು ದೊಡ್ಡದು, ಪಾಠ ತಾಯ್ನುಡಿಯಲ್ಲಿ ಆಗಬೇಕು, ಪರೀಕ್ಷೆ ಇರಬಾರದು, ಕಲಿತವನು ತನ್ನ ಕಸುಬಿಗೇ ವಾಪಸು ಹೋಗಬೇಕು, ಇದು ಅವರ ವಾದ. ಕಣ್ಣು ತೆರೆದ ರೈತನಾಗಿ ಹೋಗಬೇಕು, ನೌಕರಿ ಹುಡುಕುವವನಾಗಿ ಅಲ್ಲ.

ಇಂಥ ಒಂದು ದೊಡ್ಡ ಕಾಲೇಜನ್ನು ಸೋರೊ ಎಂಬ ಊರಿನಲ್ಲಿ ಸರ್ಕಾರವೇ ಮಾಡಬೇಕೆಂದು ಅವರು ಕೇಳಿಕೊಂಡರು. ರಾಜ ಎಂಟನೆಯ ಕ್ರಿಶ್ಚಿಯನ್ನನಿಗೂ ಮನಸ್ಸಿತ್ತು. 1848ರಲ್ಲಿ ರಾಜ ತೀರಿಕೊಂಡ ಮೇಲೆ ಯೋಜನೆ ಮೂಲೆ ಸೇರಿತು. ಆದರೆ ಸರ್ಕಾರಕ್ಕೆ ಕಾಯದೆ ಹಳ್ಳಿಗಳೇ ಆ ಕೆಲಸ ಮಾಡಿದವು.

ರೋಡಿಂಗ್ ಮತ್ತು ಕೋಲ್ಡ್ ಮೇಷ್ಟ್ರು

1844ರ ನವೆಂಬರ್ 7ರಂದು ರೋಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಜನತಾ ಕಾಲೇಜು ಬಾಗಿಲು ತೆರೆಯಿತು. ಇದು ಶ್ಲೆಸ್ವಿಗ್ ಗಡಿನಾಡು. ಅಲ್ಲಿ ಜರ್ಮನ್ ಭಾಷೆಯ ಒತ್ತಡ ಜಾಸ್ತಿಯಾಗಿ ಡೇನಿಷ್ ಮಾತಾಡುವ ರೈತರು ತಮ್ಮ ನುಡಿಗಾಗಿ ಕಾಲೇಜು ಬೇಕು ಅಂತ ನಿಂತರು. ಕೀಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕ್ರಿಶ್ಚಿಯನ್ ಫ್ಲೋರ್ ಬೆನ್ನಿಗಿದ್ದರು. ಮೊದಲ ಚಳಿಗಾಲ ಸೇರಿದವರು ಇಪ್ಪತ್ತರ ಆಸುಪಾಸು, ಅಷ್ಟೇ. ಗಡಿನಾಡ ಕನ್ನಡಿಗರಿಗೆ ಈ ಸಂಕಟ ಹೇಳಿಕೊಡಬೇಕಾಗಿಲ್ಲ.

ಗ್ರುಂಟ್ವಿಗ್ ಅವರ ಮಾತನ್ನು ಹಳ್ಳಿಗೆ ಹೊಂದುವ ಹಾಗೆ ಮಾಡಿದವರು ಕ್ರಿಸ್ಟೆನ್ ಕೋಲ್ಡ್. ಇವರು ಚಪ್ಪಲಿ ಹೊಲೆಯುವವನ ಮಗ, 1816ರಲ್ಲಿ ಹುಟ್ಟಿದವರು. ಒಬ್ಬ ಪಾದ್ರಿಯ ಜೊತೆ ಟರ್ಕಿ ದೇಶದ ಸ್ಮಿರ್ನಾವರೆಗೆ ಹೋಗಿ, ವಾಪಸು ಬರುವಾಗ ಇಟಲಿ ಕಡೆಯ ಟ್ರಿಯೆಸ್ಟ್ ಬಂದರಿನಿಂದ ತಳ್ಳುಗಾಡಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ನಡೆದೇ ಊರು ಸೇರಿದ ಗಟ್ಟಿ ಆಸಾಮಿ. 1851ರಲ್ಲಿ ಫ್ಯೂನ್ ದ್ವೀಪದ ರೂಸ್ಲಿಂಗ ಹಳ್ಳಿಯಲ್ಲಿ ಶಾಲೆ ಶುರು ಮಾಡಿದರು. ಕಟ್ಟಡದ ಹಣಕ್ಕೆ ಗ್ರುಂಟ್ವಿಗ್ ಅವರ ಸಹಾಯವೂ ಇತ್ತು. ಹುಡುಗರು ಉಣ್ಣುವ ಊಟವೇ ಮೇಷ್ಟ್ರ ಊಟ, ಹುಡುಗರು ಮಲಗುವ ಅಟ್ಟವೇ ಮೇಷ್ಟ್ರ ಅಟ್ಟ. ದೀಪ ಆರಿಸಿದ ಮೇಲೂ ಅಟ್ಟದ ಮೇಲೆ ಮಾತು ನಡೆದೇ ಇರುತ್ತಿತ್ತಂತೆ.

ಕೋಲ್ಡ್ ಅವರ ಬಗ್ಗೆ ಒಂದು ಕಥೆ ಆ ದೇಶದಲ್ಲೆಲ್ಲ ಹೇಳುತ್ತಾರೆ. ಒಬ್ಬ ಹುಡುಗ ಬಂದು, ನಿಮ್ಮ ಮಾತು ಕೇಳೋದಕ್ಕೆ ಚೆನ್ನಾಗಿದೆ, ಆದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ ಅಂತ ಬೇಜಾರು ಮಾಡಿಕೊಂಡನಂತೆ. ಅದಕ್ಕೆ ಕೋಲ್ಡ್ ಅವರ ಸಮಾಧಾನ ಹೀಗಿತ್ತು. ಹೊಲದಲ್ಲಿ ನೀರು ಬಸಿಯುವ ಕೊಳವೆ ಹೂತರೆ ಎಲ್ಲಿ ಹೂತೆವು ಅಂತ ಗುರುತಿನ ಗೂಟ ನೆಡಬೇಕು. ಬೀಜ ಬಿತ್ತಿದರೆ ಗೂಟ ಬೇಕಿಲ್ಲ, ಅದು ತಾನೇ ಮೇಲೆ ಬರುತ್ತದೆ. ರೈತನಿಗೆ ಇದಕ್ಕಿಂತ ಚೆನ್ನಾಗಿ ಶಿಕ್ಷಣದ ಅರ್ಥ ಹೇಳುವುದು ಕಷ್ಟ.

ಸೋತ ದೇಶ ಎದ್ದ ರೀತಿ

1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕನ್ನು ಸೋಲಿಸಿದವು. ಶ್ಲೆಸ್ವಿಗ್, ಹೋಲ್‌ಸ್ಟೈನ್ ಪ್ರಾಂತಗಳು ಕೈಬಿಟ್ಟವು. ದೇಶದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೆಲ ಹೋಯಿತು. ರೋಡಿಂಗ್ ಕಾಲೇಜೂ ಗಡಿಯ ಆಚೆಗೆ ಹೋಯಿತು. ಲುಡ್ವಿಗ್ ಶ್ರೋಡರ್ ಎಂಬ ಮುಖ್ಯೋಪಾಧ್ಯಾಯರು ಕಾಲೇಜನ್ನು ಗಡಿಯ ಈಚೆಗೆ, ಆಸ್ಕೋವ್ ಎಂಬ ಹಳ್ಳಿಗೆ ತಂದು 1865ರಲ್ಲಿ ಮತ್ತೆ ಶುರು ಮಾಡಿದರು.

ಹೋದ ನೆಲವನ್ನು ಯುದ್ಧದಲ್ಲಿ ತರಲು ಶಕ್ತಿ ಇರಲಿಲ್ಲ. ಇರುವ ನೆಲವನ್ನೂ ಇರುವ ಜನವನ್ನೂ ಬೆಳೆಸಬೇಕೆಂದು ಜನ ತೀರ್ಮಾನಿಸಿದರು. 1866ರಲ್ಲಿ ಎನ್ರಿಕೊ ಡಾಲ್ಗಾಸ್ ಮೊದಲಾದವರು ಸಂಘ ಕಟ್ಟಿ ಜಟ್‌ಲ್ಯಾಂಡಿನ ಬರಡು ಬಯಲಿಗೆ ಗಿಡ ಹಾಕಿಸಿ, ನೀರು ಹರಿಸಿ, ಸಾಗುವಳಿಗೆ ತರಲು ನಿಂತರು. ಅದೇ ಕೆಲವು ವರ್ಷಗಳಲ್ಲಿ ಹತ್ತಾರು ಹೊಸ ಜನತಾ ಕಾಲೇಜುಗಳು ಎದ್ದವು. ಎಷ್ಟೋ ಕಡೆ ಊರಿನವರೇ ಹಣ ಹಾಕಿ ಕಟ್ಟಿದರು. ಮುಂದೆ ಸರ್ಕಾರದ ಸಹಾಯಧನವೂ ಬಂತು. ಆದರೆ ಏನು ಪಾಠ ಹೇಳಬೇಕು ಎನ್ನುವುದನ್ನು ಇವತ್ತಿಗೂ ಕಾಲೇಜೇ ತೀರ್ಮಾನಿಸುತ್ತದೆ.

ಏನು ಕಲಿಸುತ್ತಿದ್ದರು?

ಕಾಲೇಜಿನ ಕಾಲವನ್ನು ಬೇಸಾಯ ನೋಡಿಕೊಂಡೇ ಗೊತ್ತು ಮಾಡಿದ್ದರು. ಹೊಲದಲ್ಲಿ ಕೆಲಸ ಇಲ್ಲದ ಚಳಿಗಾಲ, ನವೆಂಬರಿನಿಂದ ಮಾರ್ಚಿವರೆಗೆ ಐದು ತಿಂಗಳು ಗಂಡುಮಕ್ಕಳಿಗೆ. ಬೇಸಿಗೆಯಲ್ಲಿ ಮೂರು ತಿಂಗಳು ಹೆಣ್ಣುಮಕ್ಕಳಿಗೆ. 1860ರ ದಶಕದಲ್ಲೇ ಹಳ್ಳಿ ಹೆಣ್ಣುಮಕ್ಕಳಿಗೆ ಕಾಲೇಜು! ದನದ ಕೊಟ್ಟಿಗೆ ನೋಡಿಕೊಳ್ಳುವವರು, ಬೆಣ್ಣೆ ತೆಗೆಯುವವರು ಹೆಂಗಸರೇ ಅಲ್ಲವೇ, ನಮ್ಮಲ್ಲಿರುವ ಹಾಗೆ.

ಬೆಳಿಗ್ಗೆ ಎಲ್ಲರೂ ಕೂಡಿ ಹಾಡುವುದು. ಆಮೇಲೆ ಚರಿತ್ರೆಯ ಉಪನ್ಯಾಸ, ತಾಯ್ನುಡಿ, ಲೆಕ್ಕ, ಭೂಮಾಪನ, ವ್ಯಾಯಾಮ. ಹೆಣ್ಣುಮಕ್ಕಳಿಗೆ ಹೊಲಿಗೆಯೂ ಇತ್ತು. ಹಸು ಸಾಕುವುದು ಹೇಗೆ ಅಂತ ಪಾಠ ಜಾಸ್ತಿ ಇರಲಿಲ್ಲ, ಅದಕ್ಕೆ ಬೇರೆ ಕೃಷಿ ಶಾಲೆಗಳು ಬಂದವು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ರ್‍ಯಾಂಕ್ ಇಲ್ಲ. ಪಕ್ಕದೂರಿನ, ಗುರುತಿಲ್ಲದ ಹುಡುಗರ ಜೊತೆ ಐದು ತಿಂಗಳು ಒಂದೇ ಸೂರಿನಡಿ ಬಾಳಿದವನು ಸಭೆಯಲ್ಲಿ ಮಾತಾಡುವುದನ್ನು, ಇನ್ನೊಬ್ಬನ ಮಾತು ಕೇಳುವುದನ್ನು, ಒಬ್ಬರನ್ನೊಬ್ಬರು ನಂಬುವುದನ್ನು ಕಲಿತು ಬರುತ್ತಿದ್ದ.

ವಿಜ್ಞಾನವನ್ನೂ ಬಿಡಲಿಲ್ಲ. ಆಸ್ಕೋವ್ ಕಾಲೇಜಿನಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟ್ರು 1891ರಲ್ಲಿ ಗಾಳಿಯಂತ್ರದಿಂದ ಕರೆಂಟು ಮಾಡುವ ಪ್ರಯೋಗ ನಡೆಸಿದರು. ಆಮೇಲೆ ಹಳ್ಳಿ ಹುಡುಗರಿಗೆ ವಿದ್ಯುತ್ ಕೆಲಸದ ತರಬೇತಿಯನ್ನೂ ಕೊಟ್ಟರು. ಇವತ್ತು ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ ನೋಡುವಾಗ, ಅದರ ಬೇರಿನ ಒಂದು ಎಳೆ ರೈತರ ಕಾಲೇಜಿನಲ್ಲಿ ಇದೆ ಅಂತ ನೆನೆಯಬಹುದು.

ಕಾಲೇಜಿನಿಂದ ಡೈರಿಗೆ

1870ರ ದಶಕದಲ್ಲಿ ಅಮೆರಿಕ ಮತ್ತು ರಷ್ಯಾದಿಂದ ಅಗ್ಗದ ಧಾನ್ಯ ಬಂದು ಸುರಿಯಿತು. ಡೆನ್ಮಾರ್ಕಿನ ರೈತನ ಬೆಳೆಗೆ ಬೆಲೆ ಬಿತ್ತು. ಧಾನ್ಯ ಮಾರುವುದನ್ನು ಬಿಟ್ಟು, ಅದನ್ನು ದನಕ್ಕೂ ಹಂದಿಗೂ ಹಾಕಿ ಬೆಣ್ಣೆ, ಮಾಂಸ ಮಾಡಿ ಇಂಗ್ಲೆಂಡಿಗೆ ಕಳಿಸುವ ದಾರಿ ಹಿಡಿದರು. ಆದರೆ ನಾಲ್ಕು ಹಸುವಿನವನ ಬೆಣ್ಣೆಗೆ ಜಮೀನ್ದಾರನ ಬೆಣ್ಣೆಯ ದರ ಸಿಗುತ್ತಿರಲಿಲ್ಲ. ಮನೆಗೊಂದು ಬಗೆಯ ಬೆಣ್ಣೆ, ಯಾರು ನಂಬುತ್ತಾರೆ? ಅಷ್ಟರಲ್ಲಿ, 1878ರ ಹೊತ್ತಿಗೆ, ಹಾಲಿನಿಂದ ಕೆನೆ ಬೇರೆ ಮಾಡುವ ಸೆಪರೇಟರ್ ಯಂತ್ರ ಬಂತು. ಒಬ್ಬನಿಂದ ಕೊಳ್ಳಲಾಗದು, ಹತ್ತು ಜನ ಸೇರಿದರೆ ಆಗುತ್ತದೆ.

1882ರಲ್ಲಿ ಪಶ್ಚಿಮ ಜಟ್‌ಲ್ಯಾಂಡಿನ ಯೆಡಿಂಗ್ ಎಂಬಲ್ಲಿ ರೈತರು ಸೇರಿ ಮೊದಲ ಸಹಕಾರಿ ಡೈರಿ ಮಾಡಿದರು. ಸ್ಟಿಲ್ಲಿಂಗ್ ಆಂಡರ್ಸನ್ ಎಂಬ ತರುಣ ಅದರ ನಿಯಮ ಬರೆದ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಹಾಲನ್ನೆಲ್ಲ ಸಂಘಕ್ಕೇ ಹಾಕಬೇಕು. ಸಾಲಕ್ಕೆ ಎಲ್ಲರೂ ಜಾಮೀನು. ಲಾಭ ಹಾಕಿದ ಹಾಲಿನ ಲೆಕ್ಕದಲ್ಲಿ. ಇಂಥ ಸಂಘಗಳಲ್ಲಿ ಹಸು ಎಷ್ಟೇ ಇರಲಿ, ಸಾಮಾನ್ಯವಾಗಿ ಒಬ್ಬನಿಗೆ ಒಂದೇ ಓಟು. ಓಟು ಮನುಷ್ಯನ ತಲೆಗೆ, ದನದ ತಲೆಗಲ್ಲ. ನಮ್ಮ ಸಂಘದ ಬೈಲಾ ತೆಗೆದು ನೋಡಿ, ಇದೇ ತತ್ವ ಕಾಣುತ್ತದೆ. ಹತ್ತು ವರ್ಷದೊಳಗೆ ಡೈರಿಗಳು ನೂರಾರಾದವು. 1887ರಲ್ಲಿ ಹೋರ್ಸೆನ್ಸ್ ಪಟ್ಟಣದಲ್ಲಿ ಸಹಕಾರಿ ಮಾಂಸದ ಕಾರ್ಖಾನೆ ಬಂತು. 1895ರಲ್ಲಿ ಮೊಟ್ಟೆ ರಫ್ತಿನ ಸಂಘ ಬಂತು. ಅದರಲ್ಲಿ ಪ್ರತಿ ಮೊಟ್ಟೆಯ ಮೇಲೂ ಸಂಘದ ಹಾಗೂ ಸದಸ್ಯನ ನಂಬರಿನ ಮೊಹರು. ಕೆಟ್ಟ ಮೊಟ್ಟೆ ಕೊಟ್ಟವನು ಯಾರು ಅಂತ ಲಂಡನ್ನಿನಿಂದಲೇ ಗೊತ್ತಾಗಿಬಿಡುತ್ತಿತ್ತು!

ಡೈರಿಯನ್ನು ಕಾಲೇಜೇ ಹುಟ್ಟಿಸಿತು ಅಂತ ಹೇಳಿಬಿಟ್ಟರೆ ಅದು ಅತಿಯಾದೀತು. ಯಂತ್ರ, ರೈಲು, ಇಂಗ್ಲೆಂಡಿನ ಮಾರುಕಟ್ಟೆ ಎಲ್ಲವೂ ಕೂಡಿ ಬಂದವು. ಆದರೆ ಪಕ್ಕದ ಮನೆಯವನ ಸಾಲಕ್ಕೆ ತಾನೂ ಜಾಮೀನು ನಿಲ್ಲಲು, ಲೆಕ್ಕ ಓದಿ ಪ್ರಶ್ನೆ ಕೇಳಲು, ಅಧ್ಯಕ್ಷನಾಗಿ ಸಭೆ ನಡೆಸಲು ಜನ ಬೇಕಲ್ಲ? ಅಂಥ ಮುಂದಾಳುಗಳಲ್ಲಿ ಅನೇಕರು ಜನತಾ ಕಾಲೇಜಿನಲ್ಲಿ ಒಂದು ಚಳಿಗಾಲ ಕಳೆದವರು.

ಹೊರದೇಶ ಮತ್ತು ನಮ್ಮ ನಾಡು

ಈ ಬೀಜ ದೂರ ಹೋಗಿ ಬಿತ್ತು. ನಾರ್ವೆಗೆ 1864ರಲ್ಲಿ, ಸ್ವೀಡನ್ನಿಗೆ 1868ರಲ್ಲಿ ಹೋಯಿತು. ಅಮೆರಿಕದ ಮೈಲ್ಸ್ ಹಾರ್ಟನ್ ಡೆನ್ಮಾರ್ಕಿಗೆ ಹೋಗಿ ನೋಡಿಬಂದು 1932ರಲ್ಲಿ ಟೆನೆಸಿ ರಾಜ್ಯದಲ್ಲಿ ಹೈಲ್ಯಾಂಡರ್ ಶಾಲೆ ಕಟ್ಟಿದರು. ಕರಿಯರು ಬಿಳಿಯರು ಒಟ್ಟಿಗೆ ಕೂತು ಉಣ್ಣುವುದೇ ಅಪರಾಧದಂತಿದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ಕೂರಿಸಿದರು. 1955ರ ಬೇಸಿಗೆಯಲ್ಲಿ ಅಲ್ಲಿಗೆ ಬಂದುಹೋದ ರೋಸಾ ಪಾರ್ಕ್ಸ್ ಅದೇ ಡಿಸೆಂಬರಿನಲ್ಲಿ ಬಸ್ಸಿನ ಸೀಟು ಬಿಟ್ಟು ಏಳುವುದಿಲ್ಲ ಅಂದರು. ಆಮೇಲಿನದು ಚರಿತ್ರೆ.

ನಮ್ಮ ಮೈಸೂರು ಸೀಮೆಗೂ ಇದು ಬಂದಿತ್ತು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯವರು ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಡೆನ್ಮಾರ್ಕಿನ ಮಾದರಿ ನೋಡಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದರು. ರೈತರ ಮಕ್ಕಳು ಅಲ್ಲೇ ಇದ್ದು ಬೇಸಾಯ, ಗೃಹಕೈಗಾರಿಕೆ, ಹಾಡು, ನಾಟಕ, ಪೌರಜ್ಞಾನ ಕಲಿತು ಊರಿಗೆ ಮರಳಬೇಕೆಂಬುದು ಉದ್ದೇಶ. ಇವತ್ತಿನ ನಮ್ಮ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ. ಸಹಕಾರದಲ್ಲಿ ನಾವೇನೂ ಹಿಂದಿರಲಿಲ್ಲ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರ ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು. ಸಂಘ ಬೆಳೆಯಿತು, ಸಂಘದ ಶಿಕ್ಷಣ ಅಷ್ಟು ಬೆಳೆಯಲಿಲ್ಲ.

ಡೆನ್ಮಾರ್ಕಿನಲ್ಲೂ ಕಾಲ ಬದಲಾಗಿದೆ. ಹಳ್ಳಿ ಡೈರಿಗಳು ಒಂದರೊಳಗೊಂದು ಸೇರಿ ಈಗ ಆರ್ಲಾ ಎಂಬ ದೊಡ್ಡ ಸಂಸ್ಥೆ ಆಗಿದೆ. ಆದರೂ ಅದರ ಒಡೆಯರು ರೈತರೇ. ಕಾಲೇಜುಗಳು ಸುಮಾರು 70 ಉಳಿದಿವೆ. ಈಗ ಅಲ್ಲಿಗೆ ಪಟ್ಟಣದ ಹುಡುಗರು ಸಂಗೀತ, ಆಟ, ನಾಟಕ ಕಲಿಯಲು ಬರುತ್ತಾರೆ. ಪರೀಕ್ಷೆ ಮಾತ್ರ ಇಂದಿಗೂ ಇಲ್ಲ.

ನಮ್ಮ ಊರಿಗೆ ಏನು?

ಸದಸ್ಯ ಬಂಧುಗಳೇ, ನಮ್ಮ ಮಕ್ಕಳು ಓದಬೇಕು, ದೊಡ್ಡ ಕೆಲಸಕ್ಕೆ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಓದು ಅಂದರೆ ಊರು ಬಿಡುವ ಟಿಕೆಟ್ಟು ಅನ್ನುವಂತಾಗಿದೆ. ಓದಿದವನು ಬೆಂಗಳೂರಿಗೆ, ಫೇಲಾದವನು ಹೊಲಕ್ಕೆ. ಹೀಗೆ ಹೊಲಕ್ಕೆ ಬಂದವನಿಗೆ ತಾನು ಸೋತೆ ಅನ್ನುವ ಭಾವನೆ. ಅವನು ಬೆಳಿಗ್ಗೆ ಸಂಜೆ ಹಾಲು ಹಾಕಿ, ಫ್ಯಾಟ್ ನೋಡಿ, ಚೀಟಿ ತಗೊಂಡು ಹೋಗುತ್ತಾನೆ. ವಾರ್ಷಿಕ ಮಹಾಸಭೆಗೆ ಬೋನಸ್ ಹೇಳುವ ಹೊತ್ತಿಗೆ ಬರುತ್ತಾನೆ. ಆಡಿಟ್ ವರದಿ ಓದುವಾಗ ಹೊರಗೆ ಬೀಡಿ ಸೇದುತ್ತಾನೆ. ಇಂಥವರ ಕೈಗೆ ಇನ್ನು ಹತ್ತು ವರ್ಷದಲ್ಲಿ ಸಂಘ ಹೋಗುತ್ತದೆ. ಇದು ಹುಡುಗರ ತಪ್ಪಲ್ಲ. ಅವರಿಗೆ ಕಲಿಸುವ ಜಾಗವೇ ಇಲ್ಲ.

ಲಾಭದಲ್ಲಿ ಒಂದು ಪಾಲನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತೇವೆ. ಅದು ಕಾನೂನು, ಅದು ನಡೆಯಲಿ. ಅದರ ಜೊತೆಗೆ ನಮ್ಮದೇ ಆದ ಒಂದು ಕೆಲಸ ಮಾಡಬಹುದು. ಸುಗ್ಗಿ ಮುಗಿದ ಮೇಲೆ, ಕಣದ ಕೆಲಸ ಕಳೆದು ಮುಂಗಾರು ಮಳೆಗೆ ಮೊದಲು, ಎರಡು ತಿಂಗಳು ಸಂಜೆ ಹಾಲು ಅಳೆದಾದ ಮೇಲೆ ಸಂಘದ ಕಟ್ಟಡದಲ್ಲಿ ಒಂದೂವರೆ ಗಂಟೆ ಕೂರೋಣ. ಹದಿನೆಂಟು ದಾಟಿದ ಹುಡುಗರು, ಹುಡುಗಿಯರು, ಸೊಸೆಯಂದಿರು ಎಲ್ಲರೂ ಬರಲಿ. ಸಂಘದ ಜಮಾಖರ್ಚು ಓದುವುದು, ಬೈಲಾ ಓದುವುದು, ನಮ್ಮ ಊರಿನ ಕೆರೆಯ ಕಥೆಯನ್ನು ಹಿರಿಯರ ಬಾಯಿಂದ ಕೇಳುವುದು, ಒಂದು ಪದ ಹಾಡುವುದು. ಪರೀಕ್ಷೆ ಬೇಡ, ಸರ್ಟಿಫಿಕೇಟ್ ಬೇಡ. ಮೊದಲ ವರ್ಷ ಇಪ್ಪತ್ತು ಜನ ಬಂದರೆ ಸಾಕು. ರೋಡಿಂಗಿನಲ್ಲೂ ಅಷ್ಟೇ ಬಂದದ್ದು.

ಬೆಳ್ಳಿಹಬ್ಬಕ್ಕೆ ಕಟ್ಟಡಕ್ಕೆ ಸುಣ್ಣ ಬಣ್ಣ ಆಗಿದೆ, ಹೊಸ ಬಲ್ಬು ಹಾಕಿದ್ದೇವೆ. ಮುಂದಿನ ಮಹಾಸಭೆಯ ವಿಷಯ ಪಟ್ಟಿಗೆ ಈ ಒಂದು ಸಾಲು ಸೇರಿಸಬೇಕೆಂದು ಆಡಳಿತ ಮಂಡಳಿಯಲ್ಲಿ ಕೇಳುತ್ತೇನೆ. ಸದಸ್ಯರು ಕೈ ಎತ್ತಬೇಕು.

ಜೈ ಸಹಕಾರ!