ಉಲ್ಲೇಖ ಸೂಚಿಯಿಂದ ಯಂತ್ರದ ಉತ್ತರದವರೆಗೆ

ಒಂದು ಬರಹ ಓದುಗನ ಕಣ್ಣಿಗೆ ಬೀಳುವುದು ಹೇಗೆ? ಈ ಪ್ರಶ್ನೆ ಅಂತರಜಾಲಕ್ಕಿಂತ ಹಳೆಯದು. 1955ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಒಂದು ಸಂಶೋಧನ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದರ ಸೂಚಿ ಇದ್ದರೆ ವಿಚಾರ ಬೆಳೆದ ದಾರಿ ತಿಳಿಯುತ್ತದೆ. ಟೀಕೆಗೊಳಗಾದ ಲೇಖನವೂ ಗುರುತು ಸಿಗುತ್ತದೆ. 1960ರ ದಶಕದಲ್ಲಿ ಅಂತಹ ಸೂಚಿ ಪ್ರಕಟವಾಯಿತು.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಈ ತತ್ತ್ವವನ್ನು ಜಾಲಪುಟಗಳಿಗೆ ಅನ್ವಯಿಸಿದರು. ಇಲ್ಲಿ ಉಲ್ಲೇಖದ ಸ್ಥಾನದಲ್ಲಿರುವುದು ಕೊಂಡಿ. ಮಹತ್ವದ ಪುಟದಿಂದ ಬಂದ ಕೊಂಡಿಗೆ ತೂಕ ಹೆಚ್ಚು. ಗೂಗಲ್ ಹುಟ್ಟಿದ್ದು ಈ ಲೆಕ್ಕಾಚಾರದಿಂದ. ಆದರೆ ಕೊಂಡಿಗೆ ಬೆಲೆ ಬಂದೊಡನೆ ಅದರ ವ್ಯಾಪಾರವೂ ಶುರುವಾಯಿತು. ಹುಡುಕುಪದಗಳನ್ನು ಪುಟದ ತುಂಬ ತುರುಕುವ ಚಾಳಿಯಂತೂ ಅದಕ್ಕೂ ಮುಂಚಿನಿಂದಲೇ ಇತ್ತು.

ಮುಂದಿನ ತಿರುವು 2020ರದು. ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು, ಪ್ರಶ್ನೆಗೆ ಸಂಬಂಧಿಸಿದ ಬರಹದ ತುಣುಕುಗಳನ್ನು ಮೊದಲು ಹುಡುಕಿ ತಂದು, ಅವುಗಳ ಆಧಾರದಿಂದ ಯಂತ್ರವೇ ಉತ್ತರ ರಚಿಸುವ ವಿಧಾನವನ್ನು ವಿವರಿಸಿದರು. 2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದ ಬಳಕೆದಾರರಿಗೆ ಹುಡುಕಾಟದ ಪಟ್ಟಿಯ ಮೇಲೆಯೇ ಯಂತ್ರರಚಿತ ಉತ್ತರ ಕೊಡತೊಡಗಿತು. ಇಂತಹ ಉತ್ತರದಲ್ಲಿ ಮೂಲ ಲೇಖಕನಿಗೆ ದೊರೆಯುವ ಪಾಲು ಒಂದೆರಡು ವಾಕ್ಯ ಮಾತ್ರ.

ಆ ಪಾಲನ್ನು ಹೆಚ್ಚಿಸಲು ಸಾಧ್ಯವೇ? ಪ್ರಿನ್ಸ್‌ಟನ್, ದೆಹಲಿ ಐಐಟಿ ಮೊದಲಾದೆಡೆಯ ಸಂಶೋಧಕರು 2023ರಲ್ಲಿ 10,000 ಪ್ರಶ್ನೆಗಳ ಸಂಗ್ರಹವೊಂದನ್ನು ರಚಿಸಿ ಪರೀಕ್ಷಿಸಿದರು. ಆಕರಗಳ ಉಲ್ಲೇಖ, ತಜ್ಞರ ಮಾತು ಹಾಗೂ ಅಂಕಿಅಂಶ ಸೇರಿಸಿದ ಬರಹಗಳು ಉತ್ತರದಲ್ಲಿ ಕಾಣಿಸಿಕೊಳ್ಳುವ ಪ್ರಮಾಣದಲ್ಲಿ ಮೊದಲಿಗಿಂತ ಶೇಕಡ 40ರಷ್ಟರವರೆಗೂ ಹೆಚ್ಚಳವಾಯಿತು. ಹುಡುಕುಪದ ತುರುಕಿದ್ದರಿಂದ ಪ್ರಯೋಜನವಾಗಲಿಲ್ಲ. ಪಟ್ಟಿಯಲ್ಲಿ ಕೆಳಗಿದ್ದ ತಾಣಗಳಿಗೆ ಆಕರ ಸೂಚನೆಯಿಂದ ವಿಶೇಷ ಲಾಭವಾಯಿತು.

ಇಲ್ಲಿ ಎಚ್ಚರ ಬೇಕು. ಈ ಪ್ರಯೋಗ ಅಳೆದದ್ದು ಗೋಚರತೆಯನ್ನು, ಸತ್ಯವನ್ನಲ್ಲ. ಸುಳ್ಳು ಅಂಕಿಯೂ ಯಂತ್ರಕ್ಕೆ ಅಂಕಿಯಾಗಿಯೇ ಕಂಡೀತು. ಗಾರ್ಫೀಲ್ಡ್ ಬಯಸಿದ್ದು ಉಲ್ಲೇಖದ ಬೆನ್ನುಹತ್ತಿ ಮೂಲವನ್ನು ಪರಿಶೀಲಿಸುವ ಓದುಗನನ್ನು. ಉತ್ತರವನ್ನಷ್ಟೇ ಓದಿ ಮುಗಿಸುವವನಿಗೆ ಆ ಅಭ್ಯಾಸ ತಪ್ಪಿಹೋಗುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಬರಹ ನಮ್ಮ ಕಣ್ಣಿಗೆ ಕನ್ನಡ. ಗಣಕದೊಳಗೆ ಅದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಾಲು. ಸ್ಕ್ಯಾನ್ ಮಾಡಿದ ಪುಟವಾದರೋ ಬರಿಯ ಚಿತ್ರ. ಇಂತಹ ಬರಹ ಎಷ್ಟೇ ಉತ್ತಮವಾಗಿದ್ದರೂ ಹುಡುಕಾಟಕ್ಕೆ ಸಿಗುವುದು ಕಷ್ಟ. ಆದ್ದರಿಂದ ವಿಜ್ಞಾನ ಪಾಠವನ್ನು ಅಂತರಜಾಲಕ್ಕೆ ಏರಿಸುವ ಶಿಕ್ಷಕರು ಅದನ್ನು ಯೂನಿಕೋಡ್‌ನಲ್ಲಿಡಲಿ. ಅಂಕಿಯ ಪಕ್ಕದಲ್ಲಿ ಅದರ ಆಕರ ಮತ್ತು ವರ್ಷವನ್ನು ಬರೆಯಲಿ. ಯಂತ್ರ ಅದನ್ನು ಆರಿಸಿಕೊಳ್ಳದಿದ್ದರೂ ವಿದ್ಯಾರ್ಥಿ ಮೂಲವನ್ನು ತಾನೇ ಪರೀಕ್ಷಿಸಬಲ್ಲ.