ಬೆಳ್ಳಿಯ ಸಾಕ್ಷ್ಯ: ಗಾಲ್ಗಿ ಕಣದಂಗದ ವಿವಾದ

ಜೀವಕೋಶದ ರಚನೆಯನ್ನು ವಿವರಿಸುವ ಯಾವ ಪಠ್ಯಪುಸ್ತಕವನ್ನು ತೆರೆದರೂ, ಕೋಶಕೇಂದ್ರ, ಮೈಟೊಕಾಂಡ್ರಿಯ ಮೊದಲಾದವುಗಳ ನಡುವೆ, ದೋಸೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಅದರ ಕೆಳಗೆ ಗಾಲ್ಗಿ ಸಂಕೀರ್ಣವೆಂದು ಬರೆದಿರುತ್ತದೆ. ವಿದ್ಯಾರ್ಥಿಯು ಆ ಹೆಸರನ್ನು ಕಂಠಪಾಠ ಮಾಡಿ ಮುಂದಕ್ಕೆ ಸಾಗುತ್ತಾನೆ. ಆದರೆ 1898ರಲ್ಲಿ ಮೊದಲಬಾರಿಗೆ ವರ್ಣಿತವಾದ ಈ ಕಣದಂಗವು ನಿಜವಾಗಿ ಇದೆಯೇ, ಇಲ್ಲವೇ ಎಂಬ ಪ್ರಶ್ನೆ 1954ರವರೆಗೂ, ಎಂದರೆ 56 ವರ್ಷಗಳ ಕಾಲ, ಇತ್ಯರ್ಥವಾಗದೆ ಉಳಿದಿತ್ತೆಂಬುದನ್ನು ಬಲ್ಲವರು ವಿರಳ. ಅದನ್ನು ಅಲ್ಲಗಳೆದವರು ಅಲ್ಪಜ್ಞರೇನೂ ಅಲ್ಲ. ತಮ್ಮ ಕಾಲದ ಅಗ್ರಗಣ್ಯ ಕೋಶವಿಜ್ಞಾನಿಗಳು. ಈ ವಿವಾದ ಹೇಗೆ ಹುಟ್ಟಿತು, ಎಂತಹ ಸಾಕ್ಷ್ಯದಿಂದ ಮುಗಿಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಪದವೊಂದರ ವಿಚಾರ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳಿನಲ್ಲಿ ಜೇನುಹುಟ್ಟಿನ ಕಣ್ಣುಗಳಂತಹ ಪೊಳ್ಳುಗಳನ್ನು ಕಂಡು, ಚಿಕ್ಕ ಕೋಣೆ ಎಂಬರ್ಥದ ಲ್ಯಾಟಿನ್ ಮೂಲದ ಪದವನ್ನು ಅವುಗಳಿಗೆ ಇಟ್ಟನು. ಆತನು ಕಂಡದ್ದು ಬರಿಯ ಗೋಡೆಗಳನ್ನು. ನಮ್ಮ ಭಾಷೆ ಆರಿಸಿಕೊಂಡ 'ಕೋಶ'ವೆಂಬ ಪದವಾದರೋ ಭಂಡಾರವೆಂಬ ಅರ್ಥವನ್ನೂ ಹೊತ್ತುಕೊಂಡಿದೆ. ರಾಜ್ಯದ ಸಪ್ತಾಂಗಗಳಲ್ಲಿ ಅದೂ ಒಂದು. ಭಂಡಾರವೆಂದ ಮೇಲೆ ಒಳಕ್ಕೆ ಬರುವುದೂ ಹೊರಕ್ಕೆ ಹೋಗುವುದೂ ಉಂಟು, ಯಾವುದು ಎಲ್ಲಿಗೆ ಸಲ್ಲಬೇಕೆಂಬ ನಿರ್ಣಯವೂ ಉಂಟು. ಬ್ಯಾಂಕಿನ ಮೇಜಿನ ಮುಂದೆ ಹಗಲನ್ನು ಕಳೆಯುವ ನನ್ನಂತಹವನಿಗೆ ಈ ಪದವೇ ಹೆಚ್ಚು ಒಪ್ಪುತ್ತದೆ. ಗಾಲ್ಗಿ ಕಣದಂಗದ ಕೆಲಸವನ್ನು ತಿಳಿದ ಬಳಿಕ ವಾಚಕರೂ ಇದಕ್ಕೆ ಸಮ್ಮತಿಸಬಹುದೆಂದು ತೋರುತ್ತದೆ.

ಕಮಿಲ್ಲೊ ಗಾಲ್ಗಿ 1843ರಲ್ಲಿ ಉತ್ತರ ಇಟಲಿಯ ಕೊರ್ಟೆನೊ ಎಂಬ ಬೆಟ್ಟದ ಹಳ್ಳಿಯಲ್ಲಿ ವೈದ್ಯನ ಮಗನಾಗಿ ಹುಟ್ಟಿದನು. ಪಾವಿಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಕಲಿತು, 1872ರಲ್ಲಿ ಜೀವನೋಪಾಯಕ್ಕಾಗಿ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿದ್ದ, ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ ಪ್ರಯೋಗಶಾಲೆಯಿರಲಿಲ್ಲ. ಅಡಿಗೆಮನೆಯೊಂದನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ರಾತ್ರಿಯ ಹೊತ್ತು ಸೂಕ್ಷ್ಮದರ್ಶಕದ ಮುಂದೆ ಕುಳಿತು ದುಡಿದನು. ಮೆದುಳಿನ ತುಂಡನ್ನು ಪೊಟಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ ಅನಂತರ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ನೆನೆಯಿಟ್ಟರೆ, ಕೆಲವೇ ನರಕೋಶಗಳು ತಮ್ಮ ಎಲ್ಲ ಕವಲುಗಳೊಡನೆ ಅಚ್ಚ ಕಪ್ಪಾಗಿ, ಹಳದಿ ಹಿನ್ನೆಲೆಯಲ್ಲಿ ಎದ್ದು ಕಾಣುವುದನ್ನು ಅಲ್ಲಿಯೇ ಕಂಡುಹಿಡಿದು 1873ರಲ್ಲಿ ಪ್ರಕಟಿಸಿದನು. ಇದೇ ಪ್ರಸಿದ್ಧವಾದ 'ಕಪ್ಪು ಪ್ರತಿಕ್ರಿಯೆ'. ನೂರಾರು ಕೋಶಗಳಲ್ಲಿ ಯಾವುದೋ ಕೆಲವು ಮಾತ್ರ ಬೆಳ್ಳಿಯನ್ನು ಹೀರುವುವು. ಇಂದು ಬಂದದ್ದು ನಾಳೆ ಬಾರದು. ಈ ಚಂಚಲತೆಯನ್ನು ಗಮನದಲ್ಲಿಡಬೇಕು, ಮುಂದಿನ ವಿವಾದದ ಬೇರು ಇಲ್ಲಿಯೇ ಇದೆ.

ಪಾವಿಯಕ್ಕೆ ಪ್ರಾಧ್ಯಾಪಕನಾಗಿ ಹಿಂದಿರುಗಿದ ಗಾಲ್ಗಿ, 1898ರ ಏಪ್ರಿಲಿನಲ್ಲಿ ಅಲ್ಲಿನ ವೈದ್ಯ-ಶಸ್ತ್ರವೈದ್ಯ ಸಂಘದ ಮುಂದೆ ಹೊಸದೊಂದು ಸಂಗತಿಯನ್ನು ಮಂಡಿಸಿದನು. ಗೂಬೆಯ ಕಿರುಮೆದುಳಿನ ದೊಡ್ಡ ನರಕೋಶಗಳಲ್ಲಿ, ಕೋಶದ ಒಳಗೇ, ಅಂಚನ್ನು ಎಲ್ಲಿಯೂ ಮುಟ್ಟದೆ, ಕೋಶಕೇಂದ್ರದ ಸುತ್ತ ಹೆಣೆದುಕೊಂಡಿದ್ದ ಒಂದು ಕಪ್ಪು ಬಲೆ ಆತನಿಗೆ ಕಂಡಿತ್ತು. ಅದನ್ನು ಆತನು 'ಒಳ ಜಾಲಸಾಧನ' ಎಂದು ಕರೆದನು. ಅದರ ಕೆಲಸವೇನೆಂಬುದನ್ನು ಮಾತ್ರ ಹೇಳಲಿಲ್ಲ. ಆತನ ಶಿಷ್ಯರಾದ ನೆಗ್ರಿ ಮೊದಲಾದವರು ಒಂದೆರಡು ವರ್ಷಗಳಲ್ಲಿಯೇ ಗ್ರಂಥಿಗಳ ಕೋಶಗಳಲ್ಲಿಯೂ ಅಂತಹುದೇ ಬಲೆಯನ್ನು ಕಂಡರು.

ಸ್ಪೇನಿನ ಸಂತಿಯಾಗೊ ರಾಮೋನ್ ಇ ಕಹಾಲ್ ತಾನೂ ಈ ಬಲೆಯನ್ನು ಹಿಂದೆಯೇ ಕಂಡಿದ್ದುದಾಗಿಯೂ, ಮತ್ತೊಮ್ಮೆ ತೋರಿಸಲಾಗದೆ ಹೋದುದರಿಂದ ಪ್ರಕಟಿಸಲಿಲ್ಲವೆಂದೂ ಅನಂತರ ಬರೆದುಕೊಂಡನು. ಈ ಇಬ್ಬರ ವೈರ ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಮೆದುಳೆಲ್ಲವೂ ಕಡಿವಿಲ್ಲದ ಒಂದೇ ಬಲೆಯೆಂದು ಗಾಲ್ಗಿ, ಒಂದೊಂದು ನರಕೋಶವೂ ಬೇರೆಬೇರೆಯೆಂದು ಕಹಾಲ್. 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರು; ಆ ವೇದಿಕೆಯ ಮೇಲಿನ ಭಾಷಣದಲ್ಲಿಯೂ ಗಾಲ್ಗಿ ಕಹಾಲನ ಸಿದ್ಧಾಂತವನ್ನು ಖಂಡಿಸದೆ ಬಿಡಲಿಲ್ಲ. ಕೋಶಗಳ ಹೊರಗೆ ಆತನು ಕಂಡ ಬಲೆ ಸುಳ್ಳಾಯಿತು, ಒಳಗೆ ಕಂಡದ್ದು ನಿಜವಾಯಿತು. ಎರಡನ್ನೂ ತೋರಿಸಿಕೊಟ್ಟದ್ದು ಅದೇ ಬೆಳ್ಳಿ, ಅದೇ ಕಣ್ಣು. ಹೀಗಿರುವಾಗ ಸಮಕಾಲೀನರು ಸಂದೇಹಪಟ್ಟರೆ ಅವರನ್ನು ದೂರುವುದು ನ್ಯಾಯವಲ್ಲ.

ಸಂದೇಹಕ್ಕೆ ಆಧಾರಗಳೂ ಬಲವಾಗಿಯೇ ಇದ್ದವು. 1902ರಲ್ಲಿ ಜರ್ಮನಿಯ ಕಾಪ್ಷ್ ಬೆಳ್ಳಿಯ ಬದಲು ಆಸ್ಮಿಯಂ ಬಳಸಿ, ದಿನಗಟ್ಟಲೆ ನೆನೆಯಿಟ್ಟು, ಅಂತಹುದೇ ಕಪ್ಪು ಬಲೆಯನ್ನು ಪಡೆದನು. ಎರಡು ಲೋಹಗಳು ಒಂದೇ ಮಾತನ್ನು ಹೇಳಿದುವಲ್ಲ ಎನ್ನಬಹುದು. ಆದರೆ ಒಬ್ಬನೇ ಗುಮಾಸ್ತನು ಬರೆದ ಎರಡು ಪುಸ್ತಕಗಳು ತಾಳೆಯಾದರೆ ಲೆಕ್ಕಪರಿಶೋಧಕನು ಅದನ್ನು ತಾಳೆಯೆಂದು ಒಪ್ಪುವುದಿಲ್ಲ. ಎರಡೂ ವಿಧಾನಗಳಲ್ಲಿ ಸತ್ತ ಕೋಶವನ್ನು ಲೋಹದ ದ್ರಾವಣದಲ್ಲಿ ಬಹುಕಾಲ ನೆನೆಸಿ, ಲೋಹವು ಎಲ್ಲಿ ಕೂಡಿಕೊಂಡಿತೆಂಬುದನ್ನೇ ನೋಡುತ್ತಿದ್ದರು. ಕೂಡಿಕೊಂಡ ಎಡೆಯಲ್ಲಿ ಮೊದಲೇ ಒಂದು ವಸ್ತುವಿತ್ತೇ, ಇಲ್ಲವೆ ದ್ರಾವಣವೇ ಅದನ್ನು ನಿರ್ಮಿಸಿತೇ? ಜೀವಂತ ಕೋಶದಲ್ಲಿ ಈ ಬಲೆ ಸುಲಭವಾಗಿ ಕಾಣುತ್ತಿರಲಿಲ್ಲ. ಮೇಲಾಗಿ ರೂಪದಲ್ಲಿಯೂ ಏಕತೆಯಿರಲಿಲ್ಲ: ಬೆನ್ನೆಲುಬಿನ ಪ್ರಾಣಿಗಳಲ್ಲಿ ಬಲೆ, ಅಕಶೇರುಕಗಳಲ್ಲಿ ಚದರಿದ ತುಣುಕುಗಳು. ಫ್ರಾನ್ಸಿನ ಪರಾ 1920ರ ದಶಕದಲ್ಲಿ, ಇದು ಬಲೆಯೇ ಅಲ್ಲ, ನ್ಯೂಟ್ರಲ್ ರೆಡ್ ಎಂಬ ಬಣ್ಣವನ್ನು ಹೀರುವ ನೀರಿನ ಗುಳ್ಳೆಗಳು ಮಾತ್ರ ಎಂದನು. ನಮ್ಮ ದೇಶದವರೂ ಈ ಚರ್ಚೆಯಲ್ಲಿ ಭಾಗಿಗಳಾಗಿದ್ದರು: ಲಾಹೋರಿನಲ್ಲಿ ಕೆಲಸಮಾಡುತ್ತಿದ್ದ ವಿಶ್ವನಾಥರು ಪ್ರಾಣಿಗಳ ಅಂಡಕೋಶಗಳನ್ನು ಪರೀಕ್ಷಿಸಿ, ಗಾಲ್ಗಿ ದ್ರವ್ಯದ ನಿಜರೂಪ ಬಲೆಯಲ್ಲ, ಗೋಳಾಕಾರದ ಕಣಗಳು ಎಂದು ಪ್ರತಿಪಾದಿಸಿದರು. ಆಕ್ಸ್‌ಫರ್ಡಿನ ಜಾನ್ ಬೇಕರ್ 1940ರ ದಶಕದಿಂದ ಮುಂದಕ್ಕೆ ಈ ಹೆಸರನ್ನೇ ಕೈಬಿಡಬೇಕೆನ್ನುವವರೆಗೆ ಹೋದನು.

ಈ ಗದ್ದಲದ ನಡುವೆ ಇಬ್ಬರು ಮಾತ್ರ ಬೇರೆ ದಾರಿ ಹಿಡಿದರು. ರಷ್ಯದ ನಾಸೊನೊವ್ ಮತ್ತು ಅಮೆರಿಕದ ಬೊವೆನ್, 1920ರ ದಶಕದಲ್ಲಿಯೇ, ಗ್ರಂಥಿಯ ಸ್ರಾವದ ಕಣಗಳು ಈ ಬಲೆಯ ನೆರೆಯಲ್ಲಿಯೇ ಹುಟ್ಟುವುದನ್ನು ಗಮನಿಸಿ, ಇದು ಸ್ರಾವಕ್ಕೆ ಸಂಬಂಧಪಟ್ಟ ಅಂಗವೆಂದರು. ರೂಪದ ಜಗಳವನ್ನು ಬದಿಗಿಟ್ಟು ಕೆಲಸವನ್ನು ಕೇಳಿದ ಇವರ ಊಹೆ ಮುಂದೆ ಸರಿಯಾಯಿತು. ಆಗ ಅದನ್ನು ಪೂರ್ತಿಯಾಗಿ ಸ್ಥಾಪಿಸುವ ಉಪಕರಣ ಇರಲಿಲ್ಲ.

ನಿರಾಕರಣೆಯು ಶಿಖರಕ್ಕೇರಿದ್ದು 1949ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಆಲ್ಬರ್ಟ್ ಕ್ಲಾಡ್ ಮತ್ತು ಮೂರು ವರ್ಷ ಹಿಂದೆ ರುಮೇನಿಯದಿಂದ ಬಂದಿದ್ದ ಜಾರ್ಜ್ ಪಲಾಡೆ ಇಬ್ಬರೂ ಸೇರಿ, ಕೋಶದಲ್ಲಿರುವ ಕೊಬ್ಬಿನಂಶದ ಹನಿಗಳು ಆಲ್ಕೊಹಾಲಿನಂತಹ ದ್ರವಗಳ ಸಂಪರ್ಕದಲ್ಲಿ ಉಬ್ಬಿ, ಎಳೆಗಳಾಗಿ ಸುತ್ತಿಕೊಂಡು, ಗಾಲ್ಗಿ ಬಲೆಯಂತಹುದೇ ಆಕಾರವನ್ನು ತಳೆಯುವುವೆಂದು ತೋರಿಸಿದರು. ಗಾಲ್ಗಿ ಕಣದಂಗವೆಂಬುದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಕೃತಕ ರೂಪವೆಂಬುದು ಅವರ ತೀರ್ಪು. ಕೋಶವನ್ನು ಒಡೆದು ಅದರ ಭಾಗಗಳನ್ನು ವೇಗದ ತಿರುಗಣಿಯಲ್ಲಿ ಬೇರ್ಪಡಿಸುವ ವಿಧಾನವನ್ನು ಬೆಳೆಸಿದವರು ಇವರೇ ಆದುದರಿಂದ ಈ ತೀರ್ಪಿಗೆ ಬಹಳ ತೂಕವಿತ್ತು.

ಐದು ವರ್ಷಗಳಲ್ಲಿ ತೀರ್ಪು ತಲೆಕೆಳಗಾಯಿತು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಮಿಲಿಮೀಟರಿನ ಸುಮಾರು ಐದು ಸಾವಿರದಲ್ಲಿ ಒಂದು ಪಾಲಿಗಿಂತ ಹತ್ತಿರದ ಎರಡು ಬಿಂದುಗಳು ಬೇರೆಯಾಗಿ ತೋರವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಈ ಎಲ್ಲೆಯನ್ನು ದಾಟಿತು. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾಲ್ಟನ್ ಮತ್ತು ಫೆಲಿಕ್ಸ್, ವೃಷಣಕ್ಕೆ ಹೊಂದಿದ ಎಪಿಡಿಡಿಮಿಸ್ ಎಂಬ ಸುರುಳಿನಾಳದ ಕೋಶಗಳಲ್ಲಿ, ಹಳಬರು ಬಲೆಯನ್ನು ಕಂಡಿದ್ದ ಎಡೆಯಲ್ಲಿಯೇ, ಒಂದರ ಮೇಲೊಂದು ಅಡುಕಿದ ಚಪ್ಪಟೆ ಚೀಲಗಳನ್ನೂ ಅವುಗಳ ಅಂಚಿನಲ್ಲಿ ಸಣ್ಣ ಗುಳ್ಳೆಗಳನ್ನೂ ಕಂಡರು. ಅದೇ ವರ್ಷ ಸ್ವೀಡನ್ನಿನ ಶೋಸ್ಟ್ರಾಂಡ್ ಮತ್ತು ಹಾನ್ಸೊನ್ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಅಂತಹುದೇ ಪದರಗಳನ್ನು ತೋರಿಸಿದರು. ಎಲೆಕ್ಟ್ರಾನ್ ಚಿತ್ರಕ್ಕಾಗಿಯೂ ಕೋಶವನ್ನು ಆಸ್ಮಿಯಮ್ಮಿನಿಂದಲೇ ಸ್ಥಿರಗೊಳಿಸುತ್ತಿದ್ದರಲ್ಲ, ಮತ್ತೆ ಅದೇ ಗುಮಾಸ್ತನ ಪುಸ್ತಕವಲ್ಲವೇ ಎಂದು ಚತುರನಾದ ವಾಚಕನು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಅದಕ್ಕೆ ಉತ್ತರವೂ ಅದೇ ವರ್ಷ ಅದೇ ಸಂಸ್ಥೆಯಿಂದ ಬಂದಿತು: ಷ್ನೈಡರ್ ಮತ್ತು ಕಫ್ ಯಾವ ಲೋಹವನ್ನೂ ಬಳಸದೆ, ಇಲಿಯ ಕೋಶಗಳನ್ನು ಒಡೆದು, ತಿರುಗಣಿಯಿಂದ ಗಾಲ್ಗಿ ದ್ರವ್ಯವನ್ನೇ ಬೇರ್ಪಡಿಸಿ ತೆಗೆದರು. ಮುಂದಿನ ದಶಕದಲ್ಲಿ, ಸ್ಥಿರೀಕರಣದ ರಾಸಾಯನಿಕಗಳಿಲ್ಲದೆ ಕೋಶವನ್ನು ಕ್ಷಿಪ್ರವಾಗಿ ಹೆಪ್ಪುಗಟ್ಟಿಸಿ ಸೀಳಿ ನೋಡಿದಾಗಲೂ ಅವೇ ಪದರಗಳು ಕಂಡವು. 1961ರಲ್ಲಿ ನೋವಿಕಾಫ್ ಮತ್ತು ಗೋಲ್ಡ್‌ಫಿಷರ್, ಈ ಚೀಲಗಳಲ್ಲಿ ನೆಲೆಸಿರುವ ಕಿಣ್ವವೊಂದನ್ನು ಅದರ ಪ್ರತಿಕ್ರಿಯೆಯಿಂದಲೇ ಗುರುತಿಸಿದರು. ಇಲ್ಲಿ ಸಾಕ್ಷಿಗಳು ನಿಜವಾಗಿಯೂ ಬೇರೆಬೇರೆಯಾಗಿದ್ದರು. 1926ರಲ್ಲಿಯೇ ತೀರಿಕೊಂಡಿದ್ದ ಗಾಲ್ಗಿಗೆ ಇದನ್ನು ಕೇಳುವ ಭಾಗ್ಯವಿರಲಿಲ್ಲ.

ಇನ್ನು ಈ ಕಣದಂಗದ ಕೆಲಸವನ್ನು ನಿಸ್ಸಂಶಯವಾಗಿ ತೋರಿಸಿಕೊಟ್ಟವನು ಯಾರು? ಅದರ ಅಸ್ತಿತ್ವವನ್ನೇ ಅಲ್ಲಗಳೆದಿದ್ದ ಪಲಾಡೆ! ಹೊಸ ಚಿತ್ರಗಳು ಬಂದಾಗ ಆತನು ಹಳೆಯ ತೀರ್ಪಿಗೆ ಅಂಟಿಕೊಳ್ಳಲಿಲ್ಲ. 1967ರಲ್ಲಿ ಆತನೂ ಜೇಮಿಸನ್ನನೂ ಪ್ರಕಟಿಸಿದ ಪ್ರಯೋಗ ಸರಳತೆಯಲ್ಲಿ ಅನುಪಮವಾದುದು. ಗಿನಿಪಿಗ್ಗಿನ ಮೇದೋಜೀರಕದ ತೆಳು ಹೋಳುಗಳಿಗೆ ಮೂರು ನಿಮಿಷ ಮಾತ್ರ ವಿಕಿರಣಶೀಲ ಲ್ಯೂಸೀನನ್ನು ಉಣಿಸಿ, ಅನಂತರ ಸಾಮಾನ್ಯ ಲ್ಯೂಸೀನನ್ನು ಕೊಟ್ಟು, ಗುರುತು ಹೊತ್ತ ಪ್ರೋಟೀನು ಎಲ್ಲೆಲ್ಲಿಗೆ ಹೋಗುವುದೆಂದು ನೋಡಿದರು. ಮೊದಲಿಗೆ ಅದು ಕೋಶದ್ರವ್ಯದಲ್ಲಿ ಹರಡಿರುವ ಒರಟು ಪೊರೆಜಾಲದಲ್ಲಿತ್ತು. ಸುಮಾರು 7 ನಿಮಿಷಕ್ಕೆ ಗಾಲ್ಗಿಯ ಅಂಚನ್ನು ಸೇರಿತು. ಸುಮಾರು ಎರಡು ಗಂಟೆಯ ಹೊತ್ತಿಗೆ ಹೊರಬೀಳಲು ಸಿದ್ಧವಾದ ಕಿಣ್ವದ ಕಣಗಳಲ್ಲಿ ತುಂಬಿಕೊಂಡಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಮಾಂಟ್ರಿಯಲಿನ ನ್ಯೂಟ್ರಾ ಮತ್ತು ಲೆಬ್ಲಾಂ, ಲೋಳೆಯನ್ನು ತಯಾರಿಸುವ ಕೋಶಗಳಲ್ಲಿ ಸಕ್ಕರೆಯ ಅಂಶ ಸೇರುವುದು ಗಾಲ್ಗಿಯಲ್ಲಿಯೇ ಎಂದು ತೋರಿಸಿದ್ದರು. ಪಲಾಡೆ, ಕ್ಲಾಡ್ ಇಬ್ಬರೂ ಡಿ ಡ್ಯೂವನೊಡನೆ 1974ರ ನೊಬೆಲ್ ಪಾರಿತೋಷಕವನ್ನು ಪಡೆದರು.

ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳನ್ನು ಜೋಡಿಸಿ, ತಿದ್ದಿ, ಆಮೇಲೆ ಅವುಗಳನ್ನು ವಿಂಗಡಿಸಿ ಆಯಾ ವಿಳಾಸಕ್ಕೆ ಕಳುಹಿಸುವುದೇ ಈ ಅಂಗದ ಕಾರ್ಯ. ದೊಡ್ಡ ಅಂಚೆಕಚೇರಿಯ ವಿಂಗಡಣೆಯ ಕೋಣೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇದು ಬರಿಯ ಹೋಲಿಕೆಯಲ್ಲವೆಂಬುದಕ್ಕೆ ಮನಸ್ಸನ್ನು ಕಲಕುವ ಒಂದು ಪ್ರಮಾಣವುಂಟು. ಐ-ಕೋಶ ರೋಗವೆಂಬ, ಎಳೆಮಕ್ಕಳಲ್ಲಿ ಕಾಣುವ ಅಪರೂಪದ ಆನುವಂಶಿಕ ವ್ಯಾಧಿಯಲ್ಲಿ, ಕೋಶದ ಕಸವನ್ನು ಕರಗಿಸಬೇಕಾದ ಕಿಣ್ವಗಳು ತಯಾರಾಗುತ್ತವೆ. ಆದರೆ ಅವು ಲೈಸೊಸೋಮ್ ಎಂಬ ತಮ್ಮ ಸ್ಥಾನವನ್ನು ಸೇರದೆ ಕೋಶದ ಹೊರಕ್ಕೆ ಸೋರಿಹೋಗುತ್ತವೆ. ಕಸವು ಕೋಶದಲ್ಲಿಯೇ ರಾಶಿಬೀಳುತ್ತದೆ. ಮಗುವಿನ ಎಲುಬು, ಹೃದಯ, ಬುದ್ಧಿಯ ಬೆಳವಣಿಗೆ ಎಲ್ಲವೂ ಕುಂಠಿತವಾಗಿ, ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಸಾವು ಬರುತ್ತದೆ. 1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್, ಈ ಮಕ್ಕಳ ಕಿಣ್ವಗಳಲ್ಲಿ ಇಲ್ಲದಿರುವುದು ಒಂದು ಗುರುತು ಮಾತ್ರವೆಂದು ಊಹಿಸಿದರು. ಆ ಗುರುತು ಮ್ಯಾನೋಸ್-6-ಫಾಸ್ಫೇಟ್ ಎಂದು 1977ರಲ್ಲಿ ತಿಳಿಯಿತು. ಗಾಲ್ಗಿಯಲ್ಲಿ ಆ ಗುರುತನ್ನು ಹಾಕಲು ತೊಡಗುವ ಕಿಣ್ವವೇ ಇವರಲ್ಲಿ ಕೆಟ್ಟಿದೆಯೆಂದು 1981ರ ಹೊತ್ತಿಗೆ ಸಿದ್ಧವಾಯಿತು. ಒಂದು ಕಾಲದಲ್ಲಿ ಕೊಬ್ಬಿನ ಹನಿಗಳ ಭ್ರಮೆಯೆಂದು ತಳ್ಳಿಹಾಕಿದ್ದ ಸ್ಥಳದಲ್ಲಿ ನಡೆಯುವ ಒಂದು ಚಿಕ್ಕ ಲೋಪ ಹಸುಳೆಯ ಪ್ರಾಣವನ್ನು ಒಯ್ಯುತ್ತದೆ.

ಹೊರಗೋಟುಗಳು ಹೀಗೆ ಸ್ಪಷ್ಟವಾದರೂ ಒಳಗಿನ ಸಾಗಣೆಯ ಬಗೆಗೆ ಜಗಳ ಮುಂದುವರಿಯಿತು. ಚೀಲಗಳು ನಿಂತಲ್ಲೇ ನಿಂತು, ಗುಳ್ಳೆಗಳು ಸರಕನ್ನು ಒಂದರಿಂದ ಇನ್ನೊಂದಕ್ಕೆ ಹೊರುವುವೆಂಬುದು ಒಂದು ಪಕ್ಷ. ಚೀಲವೇ ಹಣ್ಣಾಗುತ್ತ ಮುಂದಕ್ಕೆ ಸರಿಯುವುದೆಂಬುದು ಇನ್ನೊಂದು. 1984ರಲ್ಲಿ ರಾತ್‌ಮನ್ನನ ತಂಡ ಒಡೆದ ಕೋಶಗಳ ರಸದಲ್ಲಿಯೇ ಗಾಲ್ಗಿಯ ಚೀಲಗಳ ನಡುವಿನ ಸಾಗಣೆಯನ್ನು ಮರುನಿರ್ಮಿಸಿದಾಗ ಮೊದಲ ಪಕ್ಷ ಗೆದ್ದಂತಾಯಿತು. ಗುಳ್ಳೆಗಳ ಸಾಗಣೆಯನ್ನು ಕುರಿತ ಸಂಶೋಧನೆಗಾಗಿ ಆತನು ಷೆಕ್‌ಮನ್, ಸೂಡಾಫ್ ಇವರೊಡನೆ 2013ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೆ ಅದಕ್ಕೂ ಮೊದಲೇ, 2006ರಲ್ಲಿ, ಜಪಾನಿನ ಒಂದು ತಂಡ ಮತ್ತು ಷಿಕಾಗೋದ ಒಂದು ತಂಡ, ಜೀವಂತ ಯೀಸ್ಟಿನಲ್ಲಿ ಒಂದೇ ಚೀಲವನ್ನು ನಿರಂತರವಾಗಿ ಚಿತ್ರೀಕರಿಸಿ, ಅದರಲ್ಲಿದ್ದ ಮೊದಲ ಹಂತದ ಪ್ರೋಟೀನುಗಳು ಹೋಗಿ ಕೊನೆಯ ಹಂತದವು ಬರುವುದನ್ನು ಕಣ್ಣಾರೆ ತೋರಿಸಿದ್ದವು. ಇಷ್ಟೊಂದು ಚೀಲಗಳಾದರೂ ಏಕೆ ಬೇಕು ಎಂಬುದಕ್ಕೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ಬಂದ ಸೈದ್ಧಾಂತಿಕ ಉತ್ತರವೊಂದಿದೆ: ಸಕ್ಕರೆಯನ್ನು ಜೋಡಿಸುವ ಕಿಣ್ವಗಳು ಕಟ್ಟುನಿಟ್ಟಾದವಲ್ಲ, ಎಲ್ಲವನ್ನೂ ಒಂದೇ ಚೀಲದಲ್ಲಿ ಕೂಡಿಹಾಕಿದರೆ ತಪ್ಪು ಸರಪಳಿಗಳು ಹೆಚ್ಚುವುವು, ಸರದಿಯಂತೆ ಬೇರೆಬೇರೆ ಚೀಲಗಳಲ್ಲಿಟ್ಟರೆ ತಗ್ಗುವುವು.

ಯೀಸ್ಟಿನ ಚೀಲಗಳು ಬಿಡಿಬಿಡಿಯಾಗಿರುವುದರಿಂದ ಒಂದೊಂದನ್ನೇ ಹಿಂಬಾಲಿಸುವುದು ಸಾಧ್ಯವಾಯಿತು. ಮನುಷ್ಯನ ಕೋಶದಲ್ಲಾದರೋ ಅಡುಕುಗಳು ಒಂದಕ್ಕೊಂದು ಅಂಟಿಕೊಂಡು, ಕೋಶಕೇಂದ್ರದ ಪಕ್ಕದಲ್ಲಿ ಉದ್ದವಾದ ಪಟ್ಟಿಯಂತೆ ಹೆಣೆದುಕೊಂಡಿವೆ. 1898ರಲ್ಲಿ ಗೂಬೆಯ ಮೆದುಳಿನಲ್ಲಿ ಬೆಳ್ಳಿ ಬಿಡಿಸಿ ತೋರಿಸಿದ ಬಲೆಯೂ ಇಂತಹುದೇ ಹೆಣಿಗೆ.