ಉಸಿರಾಡುವ ಕನೆಕ್ಟರ್

ಮಳೆಗಾಲದಲ್ಲಿ ಕೈಕೊಟ್ಟ ಟ್ರ್ಯಾಕ್ಟರಿನ ಲೈಟು ಬಿಚ್ಚಿ ನೋಡಿ, ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹತ್ತಿರುತ್ತದೆ. ‘ನೀರು ನುಗ್ಗಿದೆ’ ಎನ್ನುತ್ತಾನೆ ಮೆಕ್ಯಾನಿಕ್. ಎಷ್ಟೋ ಸಲ ನೀರನ್ನು ಒಳಗೆ ಕರೆದದ್ದು ಕನೆಕ್ಟರೇ. ಕಾದ ಜೋಡಣೆಯ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಒತ್ತಡ ಇಳಿಯುತ್ತದೆ. ಆಗ ಸೀಲಿನ ಸಂದಿನಿಂದಲೋ ವೈರಿನ ಎಳೆಗಳ ನಡುವಿನಿಂದಲೋ ಕನೆಕ್ಟರ್ ತೇವವನ್ನು ಒಳಗೆ ಸೇದಿಕೊಳ್ಳುತ್ತದೆ.

1866ರ ಅಟ್ಲಾಂಟಿಕ್ ಟೆಲಿಗ್ರಾಫ್ ಕೇಬಲ್ಲಿಗೆ ಈ ಕಾಟ ಇರಲಿಲ್ಲ. ಮಲಯ ನಾಡಿನ ಮರದ ಅಂಟಾದ ಗಟ್ಟಾ ಪರ್ಚಾವನ್ನು ತಂತಿಗೆ ಹೊದಿಸಿ ಬೆಸೆದದ್ದು ಅದು, ಬಿಚ್ಚುವ ಮಾತೇ ಇಲ್ಲ. ಬಿಚ್ಚಿ ಕೂಡಿಸಬೇಕಾದಾಗಲೇ ತಲೆನೋವು ಶುರು. ಅಮೆರಿಕದ ಸೇನೆ, ನೌಕಾಪಡೆಗಳ ವಿಮಾನಗಳಿಗೆಂದು ರೂಪುಗೊಂಡ ‘ಎಎನ್’ ಕನೆಕ್ಟರುಗಳಲ್ಲಿ ಇದು ಎದ್ದು ಕಂಡಿತು. ವಿಮಾನ ಏರುವಾಗ ಗಾಳಿ ಹೊರಗೆ, ಇಳಿಯುವಾಗ ಒದ್ದೆ ಗಾಳಿ ಒಳಗೆ. ಉತ್ತರವಾಗಿ ಬಂದದ್ದು ಮೆತ್ತನೆಯ ರಬ್ಬರು: ಹಿಂಬದಿಯಲ್ಲಿ ಪ್ರತಿ ವೈರನ್ನೂ ಅವುಚಿ ಹಿಡಿಯುವ ತೂತು, ಮುಂಬದಿಯಲ್ಲಿ ಒಂದಕ್ಕೊಂದು ಒತ್ತಿ ಕೂರುವ ಮುಖಗಳು. ಕನೆಕ್ಟರನ್ನು ನೀರಿನಲ್ಲಿ ಮುಳುಗಿಸಿಯೇ ಎತ್ತರದ ಆಕಾಶದಷ್ಟು ಒತ್ತಡ ಇಳಿಸಿ, ಮತ್ತೆ ಏರಿಸಿ ನೋಡುವ ಪರೀಕ್ಷೆಯೂ ಸೇನಾ ಮಾನದಂಡ ಸೇರಿತು.

ಕಾರಿನವರು ತಡವಾಗಿ ಎಚ್ಚೆತ್ತರು. ಹನ್ನೆರಡು ವೋಲ್ಟಿನ ಬಲ್ಬು ಸ್ವಲ್ಪ ಕಿಲುಬನ್ನು ಸಹಿಸುತ್ತದೆ. ಎಂಜಿನ್ ಹೊಗೆಯ ಆಮ್ಲಜನಕ ಅಳೆದು ಒಂದು ವೋಲ್ಟಿಗಿಂತ ಕಡಿಮೆ ಸಂಕೇತ ಕೊಡುವ ಆಕ್ಸಿಜನ್ ಸೆನ್ಸರ್ ಎಲ್ಲಿ ಸಹಿಸೀತು? ಜನರಲ್ ಮೋಟಾರ್ಸ್‌ನ ಪ್ಯಾಕಾರ್ಡ್ ಎಲೆಕ್ಟ್ರಿಕ್ ವಿಭಾಗ ‘ವೆದರ್-ಪ್ಯಾಕ್’ ತಂದು, ಪ್ರತಿ ವೈರಿಗೂ ಸಿಲಿಕೋನ್ ಸೀಲು ತೊಡಿಸಿ ಟರ್ಮಿನಲ್ಲಿನ ಜೊತೆಗೇ ಕ್ರಿಂಪ್ ಮಾಡಿತು. ವಿಮಾನದ ಉಪಾಯ ಹೀಗೆ ಅಗ್ಗವಾಯಿತು. ತಮಾಷೆಯೆಂದರೆ, ಕೆಲವು ಆಕ್ಸಿಜನ್ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಮೂಲಕವೇ ಪಡೆಯುತ್ತವೆ. ಅಂಥ ಸೆನ್ಸರಿನ ಕನೆಕ್ಟರಿಗೆ ಗ್ರೀಸು ಮೆತ್ತಿದರೆ ಸೆನ್ಸರಿಗೆ ಉಸಿರುಗಟ್ಟುತ್ತದೆ!

ಕಡಲಾಳದ ತೈಲಬಾವಿಗಳವರು ಗಾಳಿಯನ್ನೇ ಹೊರಗಟ್ಟಿದರು. ಒಳಗೆಲ್ಲ ಎಣ್ಣೆ, ಸುತ್ತ ರಬ್ಬರ್ ಚೀಲ. ಹೊರಗೆ ಎಷ್ಟು ಒತ್ತಡವೋ ಒಳಗೂ ಅಷ್ಟೇ. ಪಿನ್ನು ಒಳಹೋಗುವಾಗ ಸೀಲುಗಳು ಅದನ್ನು ಒರೆಸುತ್ತವೆ, ಹಾಗಾಗಿ ಸಮುದ್ರದ ನೀರಿನಲ್ಲೇ ಪ್ಲಗ್ ಚುಚ್ಚಬಹುದು. ನನಗೆ ಈ ಕ್ಷೇತ್ರದ ಅತ್ಯಂತ ಜಾಣ ಪರಿಹಾರ ಇದೇ.

ಅಂಗಡಿಯಲ್ಲಿ ಎಲ್ಲರೂ ಕೇಳುವ ‘ಐಪಿ67’ ಎಂಬ ಜಲನಿರೋಧ ದರ್ಜೆಯ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸುವ ಪರೀಕ್ಷೆ, ಸರಿ. ಆದರೆ ನೀರಿಗೂ ವಸ್ತುವಿಗೂ ಉಷ್ಣತೆಯ ವ್ಯತ್ಯಾಸ 5 ಡಿಗ್ರಿ ಮೀರಬಾರದೆಂಬ ಷರತ್ತು ಅದರಲ್ಲೇ ಇದೆ. ಉಸಿರೆಳೆಯುವ ಸಂದರ್ಭವನ್ನೇ ಪರೀಕ್ಷೆ ಬಿಟ್ಟುಬಿಟ್ಟಿತು! ಜರ್ಮನರ ‘69ಕೆ’ ದರ್ಜೆಯ ಪರೀಕ್ಷೆ 80 ಡಿಗ್ರಿಯ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಎರಚುವುದರಿಂದ ಸ್ವಲ್ಪ ವಾಸ್ತವಕ್ಕೆ ಹತ್ತಿರ.

ಈಚೆಗೆ ಹೆಡ್‌ಲೈಟು, ಬ್ಯಾಟರಿ ಪೆಟ್ಟಿಗೆಗಳಿಗೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುಪೊರೆ ಅಂಟಿಸುತ್ತಾರೆ. ಸೋಲಾರ್ ಫಲಕದ ಕನೆಕ್ಟರಿಗೆ ಆ ಸೌಕರ್ಯವಿಲ್ಲ. ಪಾವಗಡದ 2,050 ಮೆಗಾವಾಟ್ ಪಾರ್ಕಿನಂಥ ಬಯಲಲ್ಲಿ ಅದು ಹಗಲು ಕಾಯುತ್ತದೆ, ಇರುಳು ತಣಿಯುತ್ತದೆ. ಒಂದು ಕಂಪನಿಯ ಗಂಡು ಕನೆಕ್ಟರಿಗೆ ಇನ್ನೊಂದರ ಹೆಣ್ಣು ಕನೆಕ್ಟರ್ ಕೂಡಿಸಿದರೂ ‘ಟಕ್’ ಎನ್ನುತ್ತದೆ. ಸೀಲು ಕೂತಿತೋ ಇಲ್ಲವೋ ಆ ಸದ್ದು ಹೇಳುವುದಿಲ್ಲ.